ಬೇಸಿಗೆ ರಜೆಯಲ್ಲಿ ಹಳ್ಳಿ ಮಕ್ಕಳೊಡನೆ: ಅಮೆರಿಕದ ಫೋರ್ ಎಚ್ ಸಂಘಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ತರಬೇತಿ

ಕೃಷಿ ಪದವಿಯ ವಿದ್ಯಾರ್ಥಿ ಮಣ್ಣು, ಬೆಳೆ, ಕೀಟ, ರೋಗಗಳ ವಿಷಯವಾಗಿ ನಾಲ್ಕು ವರ್ಷ ಓದುತ್ತಾನೆ. ಓದಿದ್ದನ್ನು ಹತ್ತು ವರ್ಷದ ಹುಡುಗಿಗೆ ತಿಳಿಯುವಂತೆ ಹೇಳಿ, ಅವಳ ಕೈಯಿಂದಲೇ ಮಾಡಿಸುವುದು ಬೇರೆಯೇ ವಿದ್ಯೆ. ತರಗತಿಯಲ್ಲಿ ಇದು ಬರುವಂಥದಲ್ಲ. ಅಮೆರಿಕದ ಅಯೋವಾ, ನೆಬ್ರಾಸ್ಕ, ಇಂಡಿಯಾನ, ಓಹಿಯೊ ಮೊದಲಾದ ರಾಜ್ಯಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಲೇಜು ವಿದ್ಯಾರ್ಥಿಗಳು ಕೌಂಟಿ ವಿಸ್ತರಣಾ ಕಚೇರಿಗಳಿಗೆ ಹೋಗಿ, ಹತ್ತು ಹನ್ನೆರಡು ವಾರ ಗ್ರಾಮೀಣ ಮಕ್ಕಳ ಸಂಘಗಳಲ್ಲಿ ದುಡಿಯುತ್ತಾರೆ. ಮೇ ತಿಂಗಳ ಮಧ್ಯದಲ್ಲಿ ಕಾಲೇಜಿನ ಪರೀಕ್ಷೆಗಳು ಮುಗಿದೊಡನೆ ಕೆಲಸ ಆರಂಭವಾಗುತ್ತದೆ. ಆಗಸ್ಟ್ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಬಹುತೇಕ ಕಡೆ ಇದಕ್ಕೆ ಗಂಟೆಗಿಷ್ಟು ಎಂದು ಸಂಬಳ ಉಂಟು. ಕಚೇರಿಗೂ ಆ ದಿನಗಳಲ್ಲಿ ಇರುವ ಕೈ ಸಾಲುವುದಿಲ್ಲ. ಆದ್ದರಿಂದ ಈ ಏರ್ಪಾಡಿನಿಂದ ಇಬ್ಬರಿಗೂ ಪ್ರಯೋಜನವಿದೆ.

ಕೌಂಟಿ ಎಂದರೆ ರಾಜ್ಯದೊಳಗಿನ ಒಂದು ಆಡಳಿತ ಘಟಕ. ಅಯೋವಾ ರಾಜ್ಯದಲ್ಲಿ ಇಂತಹ 99 ಕೌಂಟಿಗಳಿವೆ. ವಿಸ್ತೀರ್ಣದಲ್ಲಿ ಒಂದೊಂದೂ ನಮ್ಮ ಒಂದೆರಡು ತಾಲ್ಲೂಕುಗಳಷ್ಟು ಎನ್ನಬಹುದು. ಅಲ್ಲಿನ ವಿಸ್ತರಣಾ ಕಚೇರಿ ನಡೆಯುವುದು ರಾಜ್ಯದ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ. ಬೆಳೆ, ಪಶುಸಂಗೋಪನೆ, ಗೃಹವಿಜ್ಞಾನಗಳ ಜೊತೆಗೆ ಮಕ್ಕಳ ಕಾರ್ಯಕ್ರಮವೂ ಅದೇ ಕಚೇರಿಯ ಹೊಣೆ. ಈ ಕಾರ್ಯಕ್ರಮಕ್ಕೆ ‘ಫೋರ್ ಎಚ್’ ಎಂದು ಹೆಸರು. ಹೆಡ್, ಹಾರ್ಟ್, ಹ್ಯಾಂಡ್ಸ್, ಹೆಲ್ತ್, ಅಂದರೆ ತಲೆ, ಹೃದಯ, ಕೈ, ಆರೋಗ್ಯ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರದಿಂದ ಈ ಹೆಸರು ಬಂದಿದೆ. ನಾಲ್ಕೆಲೆಯ ಮೇವಿನ ಗಿಡ ಇದರ ಲಾಂಛನ. ಸಾಮಾನ್ಯವಾಗಿ 8ರಿಂದ 18 ವರ್ಷದ ಹುಡುಗ ಹುಡುಗಿಯರು ಇದರ ಸದಸ್ಯರು.

ಸಂಘಗಳು ಹುಟ್ಟಿದ ಬಗೆ

1902ರ ಜನವರಿಯಲ್ಲಿ ಓಹಿಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಎ. ಬಿ. ಗ್ರಹಾಂ ಎಂಬವರು ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಸುಮಾರು 30 ಮಕ್ಕಳನ್ನು ಸೇರಿಸಿ ಒಂದು ಸಭೆ ನಡೆಸಿದರು. ಲಿಟ್ಮಸ್ ಕಾಗದದಿಂದ ಮಣ್ಣಿನ ಹುಳಿ ಗುಣ ನೋಡುವುದು, ಮುಸುಕಿನ ಜೋಳ ಬೆಳೆಯುವುದು, ತರಕಾರಿ ಹಾಕುವುದು, ಇವೇ ಆ ಮಕ್ಕಳ ಕೆಲಸಗಳಾದವು. ರಾಜ್ಯದ ವಿಶ್ವವಿದ್ಯಾನಿಲಯವೂ ಕೃಷಿ ಸಂಶೋಧನಾ ಕೇಂದ್ರವೂ ನೆರವು ನೀಡಿದವು. ಫೋರ್ ಎಚ್ ಚರಿತ್ರೆ ಆರಂಭವಾಗುವುದು ಇಲ್ಲಿಂದ.

ಆ ಕಾಲದಲ್ಲಿ ವಿಶ್ವವಿದ್ಯಾನಿಲಯದವರು ಹೇಳುವ ಹೊಸ ಪದ್ಧತಿಗಳನ್ನು ಅಲ್ಲಿನ ಹಿರಿಯ ರೈತರು ಸುಲಭವಾಗಿ ನಂಬುತ್ತಿರಲಿಲ್ಲ. ಕರಪತ್ರ ಓದಿ ಬೇಸಾಯ ಬದಲಾಯಿಸುವ ರೈತ ಯಾವ ದೇಶದಲ್ಲಿಯೂ ಅಪರೂಪವೇ. ಆದರೆ ಮಗ ಅದೇ ಹೊಲದ ಒಂದು ಮೂಲೆಯಲ್ಲಿ ಬೇರೆ ರೀತಿಯಲ್ಲಿ ಬಿತ್ತಿ, ತಂದೆಗಿಂತ ಹೆಚ್ಚು ತೆನೆ ತಂದಾಗ ಮಾತಿಗೆ ಅವಕಾಶ ಉಳಿಯುತ್ತಿರಲಿಲ್ಲ. 1910ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಜೆರ್ರಿ ಮೂರ್ ಎಂಬ ಬಾಲಕ ಒಂದು ಎಕರೆಯಲ್ಲಿ 228 ಮುಕ್ಕಾಲು ಬುಷೆಲ್ ಮುಸುಕಿನ ಜೋಳ ಬೆಳೆದನೆಂದು ದಾಖಲಾಯಿತು. ನಮ್ಮ ಲೆಕ್ಕದಲ್ಲಿ ಇದು ಸುಮಾರು 58 ಕ್ವಿಂಟಾಲ್. ಅಂದಿನ ದಿನಗಳಲ್ಲಿ ಆ ದೇಶದ ಸರಾಸರಿ ಎಕರೆಗೆ ಏಳು ಕ್ವಿಂಟಾಲಿನ ಆಸುಪಾಸಿನಲ್ಲಿತ್ತು. ಬಹುಮಾನಕ್ಕೆಂದು ಬೆಳೆದ ತಾಕಿನ ಇಳುವರಿಯನ್ನು ಎಲ್ಲರ ಹೊಲಕ್ಕೂ ಅನ್ವಯಿಸಲಾಗದು ಎಂಬುದು ನಮ್ಮ ರೈತರಿಗೆ ಹೇಳಬೇಕಾದ ಮಾತಲ್ಲ. ಆದರೂ ಸುದ್ದಿ ದೇಶದ ತುಂಬ ಹರಡಿ, ಮುಸುಕಿನ ಜೋಳದ ಸಂಘಗಳಿಗೆ ಮಕ್ಕಳು ಮುಗಿಬಿದ್ದರು.

ಹುಡುಗಿಯರೂ ಹಿಂದೆ ಬೀಳಲಿಲ್ಲ. ಅದೇ 1910ರಲ್ಲಿ ಅದೇ ರಾಜ್ಯದ ಐಕೆನ್ ಕೌಂಟಿಯಲ್ಲಿ ಮೇರಿ ಕ್ರೋಮರ್ ಎಂಬ ಶಾಲಾ ಶಿಕ್ಷಕಿ ಹುಡುಗಿಯರ ಟೊಮ್ಯಾಟೊ ಸಂಘ ಕಟ್ಟಿದರು. ಒಬ್ಬೊಬ್ಬಳಿಗೆ ಒಂದು ಎಕರೆಯ ಹತ್ತನೆಯ ಒಂದು ಪಾಲು, ಅಂದರೆ ನಾಲ್ಕು ಗುಂಟೆ. ಬೆಳೆದ ಹಣ್ಣನ್ನು ಡಬ್ಬಿಗಳಲ್ಲಿ ಸಂಸ್ಕರಿಸಿ ಮಾರಿ, ಬಂದ ಹಣವನ್ನು ಹುಡುಗಿಯೇ ಇಟ್ಟುಕೊಳ್ಳಬೇಕು. ಹೆಣ್ಣು ಮಗಳ ಕೈಗೆ ಅವಳದೇ ದುಡಿಮೆಯ ಹಣ ಸೇರುವುದು ಆ ಹಳ್ಳಿಗಳಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

1914ರಲ್ಲಿ ಸ್ಮಿತ್-ಲೀವರ್ ಕಾಯಿದೆ ಜಾರಿಗೆ ಬಂದು, ಕೇಂದ್ರ, ರಾಜ್ಯ, ಕೌಂಟಿ ಮೂರೂ ಸೇರಿ ವೆಚ್ಚ ಭರಿಸುವ ವಿಸ್ತರಣಾ ವ್ಯವಸ್ಥೆ ನೆಲೆಗೊಂಡಿತು. ಮಕ್ಕಳ ಸಂಘಗಳೂ ಅದರ ಅಂಗವಾದವು. ಇಂದು ಈ ಕಾರ್ಯಕ್ರಮದಲ್ಲಿ ಸುಮಾರು 60 ಲಕ್ಷ ಮಕ್ಕಳು ಪಾಲ್ಗೊಳ್ಳುತ್ತಾರೆಂದು ಹೇಳಲಾಗುತ್ತದೆ. ಇವರಲ್ಲಿ ಪಟ್ಟಣದ ಮಕ್ಕಳೂ ಬಹಳ. ಛಾಯಾಗ್ರಹಣ, ಅಡಿಗೆ, ಯಂತ್ರಮಾನವ ತಯಾರಿಕೆ ಮುಂತಾದವೂ ಸೇರಿಕೊಂಡಿವೆ. ಈ ಲೇಖನಕ್ಕೆ ಬೇಕಾದುದು ಬೇಸಾಯ ಮತ್ತು ಪಶುಪಾಲನೆಯ ಭಾಗ ಮಾತ್ರ.

ತರಬೇತಿ ವಿದ್ಯಾರ್ಥಿಯ ಕೆಲಸ

ಒಂದು ಕೌಂಟಿಯಲ್ಲಿ ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳುವ ಸಂಬಳದ ಅಧಿಕಾರಿಗಳು ಒಬ್ಬರೋ ಇಬ್ಬರೋ ಇರುತ್ತಾರೆ. ಸಂಘಗಳು ಹಲವು, ಮಕ್ಕಳು ನೂರಾರು. ಇದು ಸಾಧ್ಯವಾಗುವುದು ಸ್ವಯಂಸೇವಕರಿಂದ. ಊರಿನ ರೈತ, ರೈತ ಮಹಿಳೆ, ಶಾಲೆಯ ಮೇಷ್ಟರು, ನಿವೃತ್ತ ಪಶುವೈದ್ಯ, ಹೀಗೆ ಯಾರಾದರೊಬ್ಬರು ಸಂಬಳವಿಲ್ಲದೆ ಸಂಘದ ಮುಖಂಡರಾಗಿ ತಿಂಗಳಿಗೊಮ್ಮೆ ಮಕ್ಕಳನ್ನು ಸೇರಿಸುತ್ತಾರೆ. ಮಕ್ಕಳಲ್ಲೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಹಾಜರಿ ಕೂಗುವುದು, ನಡವಳಿ ಬರೆಯುವುದು, ಐದು ಡಾಲರಿನ ಲೆಕ್ಕ ಒಪ್ಪಿಸುವುದು ಎಲ್ಲ ಅವರದೇ.

ಬೇಸಿಗೆಗೆ ಬಂದ ವಿದ್ಯಾರ್ಥಿ ಮೊದಲ ವಾರ ಕಚೇರಿಯಲ್ಲೇ ಕಳೆಯುತ್ತಾನೆ. ಮಕ್ಕಳ ರಕ್ಷಣೆಯ ನಿಯಮಗಳನ್ನು ಕಲಿಸಲಾಗುತ್ತದೆ. ಅವನ ಹಿಂದಿನ ನಡತೆಯ ಬಗ್ಗೆ ವಿಚಾರಣೆ ನಡೆದ ನಂತರವೇ ಕೆಲಸಕ್ಕೆ ಬಿಡುತ್ತಾರೆ. ಒಬ್ಬ ವಯಸ್ಕ ಒಂದು ಮಗುವಿನೊಡನೆ ಒಂಟಿಯಾಗಿ ಇರಬಾರದು, ಇನ್ನೊಬ್ಬ ವಯಸ್ಕ ಕಣ್ಣಳತೆಯಲ್ಲಿರಬೇಕು ಎಂಬುದು ಅಲ್ಲಿ ಕಟ್ಟುನಿಟ್ಟಿನ ನಿಯಮ. ನಮ್ಮಲ್ಲಿ ಶಿಬಿರ ನಡೆಸುವವರೂ ಇದನ್ನು ಹಾಗೆಯೇ ಪಾಲಿಸುವುದು ಲೇಸು.

ಎರಡನೆಯ ವಾರದಿಂದ ಓಡಾಟ. ಬೆಳಗ್ಗೆ ಒಂದು ಊರಿನ ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಕೀಟಗಳ ಪರಿಚಯ. ಮಧ್ಯಾಹ್ನ ಇನ್ನೊಂದು ಊರಿನಲ್ಲಿ ದನಗಳನ್ನು ನೋಡಿ ಅಳೆಯುವ ಅಭ್ಯಾಸ. ಸಂಜೆ ಸ್ವಯಂಸೇವಕರ ಸಭೆಗೆ ಕುರ್ಚಿ ಹಾಕುವುದು. ಜೂನ್ ತಿಂಗಳಲ್ಲಿ ಹಲವೆಡೆ ಮೂರು ನಾಲ್ಕು ದಿನದ ವಸತಿ ಶಿಬಿರವಿರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೌಂಟಿ ಜಾತ್ರೆ. ಇದು ದೇವರ ಜಾತ್ರೆಯಲ್ಲ. ಕೃಷಿ ವಸ್ತುಪ್ರದರ್ಶನ, ದನಗಳ ಪ್ರದರ್ಶನ, ಹರಾಜು ಎಲ್ಲ ಕೂಡಿದ ಉತ್ಸವ. ಮಕ್ಕಳ ವರ್ಷದ ದುಡಿಮೆ ಜನರ ಮುಂದೆ ಬರುವುದು ಅಲ್ಲಿ. ಆ ವಾರ ತರಬೇತಿ ವಿದ್ಯಾರ್ಥಿಗೆ ನಿದ್ದೆ ಕಡಿಮೆ.

ಹೊರಗಿನಿಂದ ನೋಡಿದವರಿಗೆ ಶಿಬಿರವೂ ಜಾತ್ರೆಯೂ ಮುಖ್ಯವೆನಿಸಬಹುದು. ಆದರೆ ಕಾರ್ಯಕ್ರಮದ ಜೀವ ಇರುವುದು ಪ್ರತಿ ಮಗುವೂ ಬರೆಯುವ ಲೆಕ್ಕದ ಪುಸ್ತಕದಲ್ಲಿ.

ಒಂದು ಕುರಿಮರಿಯ ಲೆಕ್ಕ

ಪ್ರತಿ ಸದಸ್ಯನಿಗೂ ತನ್ನದೇ ಒಂದು ಯೋಜನೆ ಇರಬೇಕು. ಸಂಘದ್ದಲ್ಲ, ಅಪ್ಪನದಲ್ಲ, ಮಗುವಿನದೇ. ಕೋಳಿ, ಮೊಲ, ಕುರಿ, ಹಸುವಿನ ಕರು, ತರಕಾರಿ ಮಡಿ, ಯಾವುದೂ ಆಗಬಹುದು. ಉದಾಹರಣೆಗೆ, ಹನ್ನೆರಡು ವರ್ಷದ ಹುಡುಗನೊಬ್ಬ ಒಂದು ಕುರಿಮರಿ ಸಾಕುತ್ತಾನೆಂದು ಇಟ್ಟುಕೊಳ್ಳೋಣ. ಬೇಸಿಗೆಯ ಆರಂಭದಲ್ಲಿ ಮರಿಯನ್ನು ತೂಗಿ, ಕಿವಿಗೆ ಸಂಖ್ಯೆಯ ಬಿಲ್ಲೆ ಹಾಕಲಾಗುತ್ತದೆ. ತೂಕ 30 ಕಿಲೊ. ಜಾತ್ರೆಯ ದಿನ, 90 ದಿನಗಳ ಮೇಲೆ, ಮತ್ತೆ ತೂಗಿದಾಗ 57 ಕಿಲೊ. ಏರಿದ್ದು 27 ಕಿಲೊ. 90ರಿಂದ ಭಾಗಿಸಿದರೆ ದಿನಕ್ಕೆ 300 ಗ್ರಾಂ. ಈ ಅವಧಿಯಲ್ಲಿ ದಿನಕ್ಕೆ ಸರಾಸರಿ 1.8 ಕಿಲೊ ಮೇವು ತಿಂದಿದ್ದರೆ ಒಟ್ಟು 162 ಕಿಲೊ. ಅಂದರೆ ಒಂದು ಕಿಲೊ ತೂಕ ಏರಲು ಆರು ಕಿಲೊ ಮೇವು ಖರ್ಚಾಯಿತು.

ನಮ್ಮ ಬನ್ನೂರು ಅಥವಾ ಬಳ್ಳಾರಿ ಮರಿ ಇಷ್ಟು ಬೇಗ ಬೆಳೆಯುವುದಿಲ್ಲ. ತಳಿ ಬೇರೆ, ಮೇವು ಬೇರೆ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ.

ಆರು ಕಿಲೊ ಎಂಬ ಈ ಒಂದು ಸಂಖ್ಯೆ ತಿಳಿದ ಹುಡುಗ ಮುಂದಿನ ವರ್ಷ ಮರಿ ಕೊಳ್ಳುವಾಗ ಬೇರೆ ಕಣ್ಣಿನಿಂದ ನೋಡುತ್ತಾನೆ. ಮೇವಿನ ಬೆಲೆ ಏರಿದರೆ ಎಷ್ಟು ದಿನ ಸಾಕಬೇಕು, ಯಾವಾಗ ಮಾರಬೇಕು ಎಂದು ಕೇಳುತ್ತಾನೆ. ಮರಿಯ ಬೆಲೆ, ಮೇವು, ಔಷಧಿ, ಉಣ್ಣೆ ಕತ್ತರಿಸಿದ ಕೂಲಿ, ಎಲ್ಲ ಒಂದು ಕಡೆ. ಮಾರಿದ ಹಣ ಇನ್ನೊಂದು ಕಡೆ. ಮನೆಯ ಹುಲ್ಲು ತಿನ್ನಿಸಿದ್ದರೂ ಅದಕ್ಕೆ ಪೇಟೆಯ ಬೆಲೆ ಕಟ್ಟಿ ಬರೆಯುವುದು ಸರಿಯಾದ ಕ್ರಮ. ನಮ್ಮ ಮನೆಗಳಲ್ಲಿ ‘ಮನೆ ಮೇವು, ಖರ್ಚೇನಿಲ್ಲ’ ಎನ್ನುವ ಮಾತು ಎಷ್ಟು ಹಸುಗಳ ನಷ್ಟವನ್ನು ಮುಚ್ಚಿಟ್ಟಿದೆಯೋ!

ಜಾತ್ರೆಯ ಹರಾಜಿನಲ್ಲಿ ಒಂದು ತೊಡಕಿದೆ. ಅಲ್ಲಿ ಊರಿನ ವ್ಯಾಪಾರಿಗಳೂ ಬ್ಯಾಂಕಿನವರೂ ಮಕ್ಕಳ ಉತ್ತೇಜನಕ್ಕೆಂದು ಪೇಟೆಯ ಧಾರಣೆಗಿಂತ ಬಹಳ ಹೆಚ್ಚಿಗೆ ಕೂಗುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ಹಣವನ್ನೇ ಲಾಭವೆಂದು ಬರೆದುಕೊಂಡ ಮಗು ಕುರಿ ಸಾಕಣೆಯ ವಿಷಯದಲ್ಲಿ ಸುಳ್ಳು ಪಾಠ ಕಲಿಯುತ್ತದೆ. ಆದ್ದರಿಂದ ಅಂದಿನ ಪೇಟೆ ಧಾರಣೆ ಎಷ್ಟು, ಅದರ ಮೇಲೆ ಬಂದ ಉತ್ತೇಜನ ಎಷ್ಟು ಎಂದು ಎರಡು ಸಾಲು ಬೇರೆ ಬೇರೆ ಬರೆಸಬೇಕು. ಒಳ್ಳೆಯ ತರಬೇತಿ ವಿದ್ಯಾರ್ಥಿಯ ಗುರುತು ಸಿಗುವುದು ಇಂತಹ ಕಡೆಯಲ್ಲೇ. ಮಗು ಮರಿಯನ್ನು ಹರಾಜಿನ ಕಟಕಟೆಗೆ ಕರೆತಂದು, ಮಾರಿದ ಮೇಲೆ ಹಗ್ಗ ಬಿಡಲಾರದೆ ಅಳುವುದು ಅಲ್ಲಿ ಪ್ರತಿ ವರ್ಷದ ನೋಟ. ಆಗ ಲೆಕ್ಕದ ಮಾತು ತೆಗೆಯುವವನು ದಡ್ಡ. ಮೂರು ದಿನ ಬಿಟ್ಟು ಪುಸ್ತಕ ತೆರೆಸಬೇಕು.

ಮಾಡಿಸುವುದೇ, ಮಾಡಿಕೊಡುವುದೇ?

ಕಾಲೇಜಿನಿಂದ ಬಂದವರು ಎಡವುವುದು ಸಾಮಾನ್ಯವಾಗಿ ಇಲ್ಲಿ. ಜಾತ್ರೆ ಹತ್ತಿರ ಬಂದಂತೆ ಮಗುವಿನ ಪುಸ್ತಕ ಅರ್ಧವಾಗಿರುತ್ತದೆ, ಮರಿಗೆ ನಡೆಯುವ ಅಭ್ಯಾಸವಿರುವುದಿಲ್ಲ, ಭಿತ್ತಿಪತ್ರದ ಅಕ್ಷರ ಸೊಟ್ಟಗಿರುತ್ತದೆ. ವಿದ್ಯಾರ್ಥಿ ಒಂದು ಗಂಟೆ ಕುಳಿತರೆ ಎಲ್ಲವನ್ನೂ ಅಂದಗಾಣಿಸಬಲ್ಲ. ಹಾಗೆ ಮಾಡಿದರೆ ಬಹುಮಾನ ಬರುವುದು ವಿದ್ಯಾರ್ಥಿಗೆ, ಮಗುವಿಗಲ್ಲ. ಪೋಷಕರ ಒತ್ತಾಯವೂ ಇದೇ ದಿಕ್ಕಿನಲ್ಲಿರುತ್ತದೆ.

ಇದಕ್ಕೆ ತಕ್ಕ ತೀರ್ಪಿನ ಪದ್ಧತಿಯನ್ನು ಅಲ್ಲಿ ಬೆಳೆಸಿಕೊಂಡಿದ್ದಾರೆ. ಹಲವು ಸ್ಪರ್ಧೆಗಳಲ್ಲಿ ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ: ಈ ಟೊಮ್ಯಾಟೊಗೆ ಯಾವ ಗೊಬ್ಬರ ಹಾಕಿದೆ? ಎಲೆ ಮುದುರಿದಾಗ ಏನು ಮಾಡಿದೆ? ಮುಂದಿನ ಸಲ ಏನು ಬದಲಾಯಿಸುತ್ತೀ? ಬೇರೆಯವರು ಮಾಡಿಕೊಟ್ಟಿದ್ದರೆ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಡೇನಿಷ್ ಪದ್ಧತಿ ಎಂಬುದು ಇನ್ನೊಂದು. ಇದರಲ್ಲಿ ಒಬ್ಬರನ್ನೊಬ್ಬರು ಸೋಲಿಸುವ ಪ್ರಶ್ನೆಯಿಲ್ಲ. ಪ್ರತಿಯೊಂದು ವಸ್ತುವನ್ನೂ ನಿಗದಿಯಾದ ಗುಣಮಟ್ಟಕ್ಕೆ ಹೋಲಿಸಿ, ಉತ್ತಮವಾದರೆ ನೀಲಿ ಪಟ್ಟಿ, ಸಾಧಾರಣವಾದರೆ ಕೆಂಪು, ತಿದ್ದಬೇಕಾದುದು ಬಹಳವಿದ್ದರೆ ಬಿಳಿ ಕೊಡುತ್ತಾರೆ. ಇಪ್ಪತ್ತು ಜನ ಬಂದು ಇಪ್ಪತ್ತೂ ಉತ್ತಮವಾಗಿದ್ದರೆ ಇಪ್ಪತ್ತು ನೀಲಿ. ಮೊದಲನೆಯ, ಎರಡನೆಯ, ಮೂರನೆಯ ಬಹುಮಾನ ಕೊಟ್ಟು ಉಳಿದ ಹದಿನೇಳು ಮಕ್ಕಳನ್ನು ಬರಿಗೈಯಲ್ಲಿ ಕಳಿಸುವ ನಮ್ಮ ಪ್ರದರ್ಶನಗಳ ಸಂಘಟಕರು ಇದನ್ನು ಪರಿಶೀಲಿಸಬಹುದು.

ಹೊರಗುಳಿದವರು

ಈ ಕಾರ್ಯಕ್ರಮದ ಹೊಗಳಿಕೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಚಿತ್ರ ಪೂರ್ಣವಾಗದು. ದಕ್ಷಿಣದ ರಾಜ್ಯಗಳಲ್ಲಿ 1960ರ ದಶಕದ ಮಧ್ಯದವರೆಗೂ ಕಪ್ಪು ಜನಾಂಗದ ಮಕ್ಕಳಿಗೆ ಬೇರೆ ಸಂಘ, ಬೇರೆ ಶಿಬಿರ, ಬೇರೆ ಅಧಿಕಾರಿಗಳಿದ್ದರು. ಹಣ, ಸೌಕರ್ಯಗಳಲ್ಲಿ ಅವರ ಪಾಲು ಕಡಿಮೆಯೇ. ಅಧಿಕೃತವಾಗಿ ಈ ಬೇರ್ಪಡೆ ಕೊನೆಗೊಂಡದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ. ಹಣದ ಅಡ್ಡಿ ಮಾತ್ರ ಇಂದೂ ಇದೆ. ಒಂದು ಹೋರಿಯನ್ನು ಜಾತ್ರೆಯವರೆಗೆ ಸಾಕಲು ಬೇಕಾಗುವ ಕೊಟ್ಟಿಗೆ, ಮೇವು, ಸಾಗಣೆ ವಾಹನ ಎಲ್ಲ ಮನೆಯಲ್ಲೂ ಇರುವುದಿಲ್ಲ. ಇಂತಹ ಮಕ್ಕಳಿಗಾಗಿ ಕೆಲವೆಡೆ ಬೇರೆಯವರ ಪಶುವನ್ನು ಬೇಸಿಗೆಯ ಮಟ್ಟಿಗೆ ಬಾಡಿಗೆಗೆ ಪಡೆದು ನೋಡಿಕೊಳ್ಳುವ ಏರ್ಪಾಡಿದೆ. ಮೊಲ, ಕೋಳಿಯಂತಹ ಕಡಿಮೆ ವೆಚ್ಚದ ಯೋಜನೆಗಳೂ ಇವೆ. ಹೊಸ ಊರಿಗೆ ಬಂದ ತರಬೇತಿ ವಿದ್ಯಾರ್ಥಿ ಸಂಘದ ಹಾಜರಿ ಪುಸ್ತಕವನ್ನೂ ಶಾಲೆಯ ಹಾಜರಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಯಾರ ಮಕ್ಕಳು ಬಂದಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇನ್ನೊಂದು ಕೊರತೆ ಅವಧಿಯದು. ಹತ್ತು ವಾರದಲ್ಲಿ ಮಕ್ಕಳು ಹೊಸಬನಿಗೆ ಹೊಂದಿಕೊಳ್ಳುವ ಹೊತ್ತಿಗೆ ಅವನು ಹೊರಡುತ್ತಾನೆ. ಹುರುಪಿನ ವಿದ್ಯಾರ್ಥಿ ಎಲ್ಲವನ್ನೂ ತಾನೇ ಹೊತ್ತುಕೊಂಡಿದ್ದರೆ ಸೆಪ್ಟೆಂಬರಿನಲ್ಲಿ ಸಂಘ ನಿಂತುಹೋಗುತ್ತದೆ. ಆದಕಾರಣ ಅನುಭವಿಗಳಾದ ಮೇಲ್ವಿಚಾರಕರು ವಿದ್ಯಾರ್ಥಿಯ ಕೆಲಸ ಅಳೆಯುವಾಗ ಎಷ್ಟು ಶಿಬಿರ ನಡೆಸಿದ ಎನ್ನುವುದಕ್ಕಿಂತ, ಅವನು ಹೋದ ಮೇಲೆ ಯಾವ ಸ್ವಯಂಸೇವಕ ಯಾವ ಕೆಲಸವನ್ನು ತಾನೇ ಮಾಡಬಲ್ಲ ಎಂಬುದನ್ನು ಕೇಳುತ್ತಾರೆ. ಕೊನೆಯ ವಾರ ಪ್ರತಿ ಮಗುವಿನ ಯೋಜನೆ ಎಲ್ಲಿಗೆ ಬಂದಿದೆ, ಮುಂದೆ ನೋಡಿಕೊಳ್ಳುವವರು ಯಾರು ಎಂಬ ಪಟ್ಟಿಯನ್ನು ಬರೆದು ಒಪ್ಪಿಸಿಯೇ ಹೊರಡುವುದು ಒಳ್ಳೆಯ ರೂಢಿ.

ನಮ್ಮ ರಾಜ್ಯದಲ್ಲಿ

1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ಅಮೆರಿಕದ ಈ ಬಗೆಯ ವಿಶ್ವವಿದ್ಯಾನಿಲಯಗಳ ಮಾದರಿಯಲ್ಲೇ ರೂಪುಗೊಂಡಿತು. ಟೆನೆಸಿ ವಿಶ್ವವಿದ್ಯಾನಿಲಯದ ತಜ್ಞರು ಆರಂಭದ ವರ್ಷಗಳಲ್ಲಿ ಇಲ್ಲಿಗೆ ಬಂದು ನೆರವಾಗಿದ್ದರು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಬಂದವು. ಮಕ್ಕಳ ಸಂಘ ಮಾತ್ರ ಆ ರೂಪದಲ್ಲಿ ಇಲ್ಲಿ ಬೇರೂರಲಿಲ್ಲ.

ನಮ್ಮಲ್ಲಿರುವುದು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಿದ್ದು, ರೈತರ ಜೊತೆ ಹೊಲಕ್ಕೆ ಹೋಗುತ್ತಾರೆ. ಊರಿನ ನಕ್ಷೆಯನ್ನು ರಂಗೋಲಿಯಲ್ಲಿ ಬರೆಯುತ್ತಾರೆ. ಬೀಜೋಪಚಾರ, ಮಣ್ಣಿನ ಮಾದರಿ ತೆಗೆಯುವ ಪ್ರಾತ್ಯಕ್ಷಿಕೆ ಕೊಡುತ್ತಾರೆ. 2015ರಲ್ಲಿ ಆರಂಭವಾದ ‘ಸ್ಟೂಡೆಂಟ್ ರೆಡಿ’ ಎಂಬ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಇದೂ ಸೇರಿದೆ. ಊರಿನ ಶಾಲಾ ಮಕ್ಕಳ ಪಾಲು ಹಲವೆಡೆ ಒಂದು ದಿನದ ಸಸಿ ನೆಡುವಿಕೆಗೋ ಭಾಷಣ ಸ್ಪರ್ಧೆಗೋ ಮುಗಿಯುತ್ತದೆ. ಸಸಿಗೆ ನೀರು ಹಾಕುವವರು ಯಾರು ಎಂಬ ಹೆಸರು ಎಲ್ಲಿಯೂ ಬರೆದಿರುವುದಿಲ್ಲ.

ಬೇಸಿಗೆಯಲ್ಲಿ ಇಂತಹ ಕೆಲಸ ಕೈಗೊಳ್ಳಬಯಸುವ ವಿದ್ಯಾರ್ಥಿಗಳೂ ಯುವಕ ಸಂಘಗಳೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದ ಬೇಸಿಗೆ ಬೆಳೆಯ ಕಾಲ. ನಮ್ಮ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ ಮಳೆಯಾಶ್ರಿತ ಹೊಲ ಬರಿದು. ಮಗುವಿಗೆ ತಾಕು ಕೊಟ್ಟರೂ ಬಿತ್ತಲು ತೇವವಿಲ್ಲ. ಹೀಗಾಗಿ ನಾಲ್ಕು ನಾಟಿ ಕೋಳಿ, ಒಂದು ಕುರಿಮರಿ, ಬಚ್ಚಲ ನೀರಿನ ಕೈತೋಟ, ನುಗ್ಗೆ ಅಥವಾ ಪಪ್ಪಾಯಿ ಸಸಿಗಳ ಸಣ್ಣ ನರ್ಸರಿ ಇವು ರಜೆಗೆ ಹೊಂದುವ ಯೋಜನೆಗಳು. ಜಮೀನೂ ಇಲ್ಲದ, ಜಾನುವಾರೂ ಇಲ್ಲದ ಮನೆಯ ಮಗುವೂ ಮಾಡಬಹುದಾದ ಒಂದು ಕೆಲಸವಿದೆ. ಅದು ಊರಿನ ಬಿತ್ತನೆ ಬೀಜದ ಮೊಳಕೆ ಪರೀಕ್ಷೆ. ನೂರು ವರ್ಷದ ಹಿಂದೆ ಅಲ್ಲಿನ ಮುಸುಕಿನ ಜೋಳದ ಸಂಘಗಳ ಮಕ್ಕಳು ಒದ್ದೆ ಬಟ್ಟೆಯಲ್ಲಿ ಬೀಜ ಸುತ್ತಿ, ಬಟ್ಟೆಯ ಗೊಂಬೆಯಂತೆ ಕಟ್ಟಿ ಮಾಡುತ್ತಿದ್ದುದೂ ಇದನ್ನೇ.

ಮೇ ಮೊದಲ ವಾರದಲ್ಲಿ ಮಕ್ಕಳು ಇಬ್ಬಿಬ್ಬರಂತೆ ಮನೆ ಮನೆಗೆ ಹೋಗಿ, ರೈತರು ಸ್ವಂತಕ್ಕೆ ಇಟ್ಟುಕೊಂಡ ಶೇಂಗಾ ಅಥವಾ ರಾಗಿ ಬೀಜದಿಂದ ಆರಿಸದೆ, ಚೀಲದ ಮೇಲೆ, ನಡುವೆ, ತಳದಿಂದ ಕೈಗೆ ಬಂದಂತೆ ಒಂದೊಂದು ಹಿಡಿ ತರಬೇಕು. ಔಷಧಿ ಹಚ್ಚಿದ ಬಣ್ಣದ ಬೀಜವನ್ನು ಮಕ್ಕಳು ಮುಟ್ಟಕೂಡದು. ತಂದ ಬೀಜದಲ್ಲಿ ನೂರು ಎಣಿಸಿ, 25ರಂತೆ ನಾಲ್ಕು ಪಾಲು ಮಾಡಿ, ಒದ್ದೆಯಾದ ಗೋಣಿತಾಟು ಅಥವಾ ಹತ್ತಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು ಸಡಿಲವಾಗಿ ಸುತ್ತಬೇಕು. ಮನೆಯ ಹೆಸರು, ತಳಿ, ದಿನಾಂಕ ಬರೆದ ಚೀಟಿ ಕಟ್ಟಿ ನೆರಳಿನಲ್ಲಿಟ್ಟು, ದಿನವೂ ನೀರು ಚಿಮುಕಿಸಬೇಕು. ನೀರು ನಿಂತರೆ ಬೀಜ ಕೊಳೆಯುತ್ತದೆ. ರಾಗಿಯನ್ನು ಎಂಟನೆಯ ದಿನ, ಶೇಂಗಾವನ್ನು ಹತ್ತನೆಯ ದಿನ ಬಿಚ್ಚಿ, ಬೇರು ಮತ್ತು ಕುಡಿ ಎರಡೂ ಸರಿಯಾಗಿ ಬಂದ ಮೊಳಕೆಗಳನ್ನು ಮಾತ್ರ ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮಿತಿ ಶೇಂಗಾಕ್ಕೆ ನೂರಕ್ಕೆ 70, ರಾಗಿಗೆ 75.

ಒಂದು ಮನೆಯ ಶೇಂಗಾ ನೂರಕ್ಕೆ 56 ಮಾತ್ರ ಮೊಳೆತಿದೆ ಎನ್ನೋಣ. 70ರ ಬೀಜ ಎಕರೆಗೆ 40 ಕಿಲೊ ಬೇಕಾಗುವ ಹೊಲದಲ್ಲಿ ಅಷ್ಟೇ ಗಿಡ ಪಡೆಯಲು ಈ ಬೀಜ 50 ಕಿಲೊ ಬೇಕು. ಆ ಹತ್ತು ಕಿಲೊ ಹೆಚ್ಚಿಗೆ ಹಾಕುವುದೋ, ಬೀಜವನ್ನೇ ಬದಲಾಯಿಸುವುದೋ ಎಂಬ ತೀರ್ಮಾನ ರೈತನದು. ಆದರೆ ತೀರ್ಮಾನ ಮಾಡಲು ಅವನಿಗೆ ಇನ್ನೂ ಎರಡು ಮೂರು ವಾರ ಕಾಲಾವಕಾಶವಿದೆ. ಬಿತ್ತಿದ ಮೇಲೆ ಸಾಲು ಖಾಲಿ ಕಂಡರೆ ಆ ಅವಕಾಶವಿರುವುದಿಲ್ಲ.

ಫಲಿತಾಂಶವನ್ನು ಮಕ್ಕಳೇ ಮನೆಗೆ ಒಯ್ದು ತಿಳಿಸಬೇಕು. ಮೊಳಕೆ ಕಡಿಮೆ ಬಂದವರ ಹೆಸರನ್ನು ಪಂಚಾಯಿತಿ ಫಲಕದಲ್ಲಿ ಬರೆದು ಅವಮಾನ ಮಾಡುವುದು ಬೇಡ. ಮುಂದಿನ ವರ್ಷ ಬೀಜ ಕೊಡುವವರೇ ಇರುವುದಿಲ್ಲ. ಮನೆವಾರು ಅಂಕಿಗಳನ್ನು ಬರೆದ ಪುಸ್ತಕ ಮಕ್ಕಳ ಸಂಘದ ಕಾರ್ಯದರ್ಶಿಯ ಬಳಿ ಇರಲಿ. ಪುಸ್ತಕವನ್ನು ಮುಂದಿನ ಮೇ ತಿಂಗಳವರೆಗೆ ಕಾಪಾಡುವ ಹಿರಿಯರೊಬ್ಬರನ್ನು ಊರಿನಲ್ಲೇ ಗೊತ್ತುಮಾಡಿ, ವಿದ್ಯಾರ್ಥಿ ಹೊರಡುವ ಮುನ್ನ ಅವರ ಹೆಸರನ್ನು ಅದರ ಮೊದಲ ಪುಟದಲ್ಲಿ ಬರೆಸಬೇಕು.